ಹೇಳದೆ ಉಳಿದ ಹೆಸರು

ಆಗೆಲ್ಲ ನಮ್ಮ ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಗಣೇಶನನ್ನು ಕೂರಿಸಿದರೆ ಮನೆಮನೆಯ ಒಲೆಗೂ ಅರ್ಧ ರಜೆ. ಪೆಂಡಾಲಿನಲ್ಲಿ ಬೆಳಿಗ್ಗೆ ಪುಳಿಯೋಗರೆ, ಸಂಜೆ ಕಡಲೆಕಾಳಿನ ಉಸಲಿ. ಒಗ್ಗರಣೆ, ಕರ್ಪೂರದ ವಾಸನೆ ನಮ್ಮ ಫ್ರಾಕುಗಳಿಗೂ ಮೆತ್ತಿಕೊಳ್ಳುತ್ತಿತ್ತು. ಗಣೇಶನನ್ನು ಬಿಡುವ ಹಿಂದಿನ ಸಂಜೆ ಮಕ್ಕಳ ಕಾರ್ಯಕ್ರಮ. ಹಾಡಿದರೂ, ಕುಣಿದರೂ, ಅರ್ಧಕ್ಕೆ ಮರೆತು ಅತ್ತರೂ ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ. ಯಾವ ಮಗುವೂ ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ರಸ್ತೆಯ ನೇಮ.

ನನಗೆ ಉಗ್ಗು. ಹಾಡುವಾಗ ಮಾತ್ರ ಸಲೀಸು. ಹಾಗಾಗಿ ಪ್ರತಿ ವರ್ಷ ನನ್ನಿಂದ ಹಾಡಿಸಿ, 'ನೋಡಿ, ಒಂದು ಕಡೆನೂ ನಿಲ್ಲಲಿಲ್ಲ' ಎಂದು ಕೆನ್ನೆ ಸವರುತ್ತಿದ್ದರು. ನನಗೆ ಅದು ರೋಸಿಹೋಗಿತ್ತು. ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಈ ಸಲ ಭಾಷಣ ಮಾಡುತ್ತೇನೆ ಎಂದು ಹಟ ಹಿಡಿದೆ.

"ಬೇಡ ಕಣೆ, ಮೈಕಲ್ಲಿ ನಿಂತ್‌ಹೋದ್ರೆ ಏನ್ ಮಾಡ್ತೀಯ?" ಅಮ್ಮನ ಕಣ್ಣಲ್ಲಿ ನೀರೇ ಬಂದಿತ್ತು.

ಅಜ್ಜಿ ಮೂಲೆಯಲ್ಲಿ ಕೂತು ಹತ್ತಿ ಹೊಸೆಯುತ್ತ ಗೆಜ್ಜೆವಸ್ತ್ರ ಮಾಡುತ್ತಿದ್ದಳು. "ನಿಂತ್ರೆ ನಿಲ್ಲುತ್ತೆ. ಆಮೇಲೆ ಹೊರಡುತ್ತೆ. ಮಾಡ್ಲಿ ಬಿಡೆ," ಅಂದಳು.

ಮನೆಯಲ್ಲಿ ಎಲ್ಲರೂ ನಾನು ತಡವರಿಸಿದ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಅಜ್ಜಿ ಒಬ್ಬಳು ಹಾಗೆ ಮಾಡುತ್ತಿರಲಿಲ್ಲ. ಮಹಡಿಯ ಮೇಲೆ ನಾನು ಭಾಷಣ ಒಪ್ಪಿಸುವಾಗ ಅವಳು ಹತ್ತಿ ಹೊಸೆಯುತ್ತ ಕಾಯುವಳು. ಎಷ್ಟು ಹೊತ್ತು ನಿಂತರೂ ಕೊನೆಗೆ ಮಾತು ಬರುತ್ತಿತ್ತು. ಎಲ್ಲಕ್ಕಿಂತ ಕಷ್ಟ ನನ್ನ ಹೆಸರು. ಬೇರೆ ಪದವಾದರೆ ಬದಲಿಸಿಕೊಳ್ಳಬಹುದು, ಹೆಸರನ್ನು ಬದಲಿಸುವುದು ಹೇಗೆ?

ಆ ಸಂಜೆ ಕಾರ್ಯಕ್ರಮ ನಡೆಸುತ್ತಿದ್ದವರು ಮೂಲೆಮನೆಯ ನಂಜಪ್ಪ ಮಾಮ. ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟರು. "ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಪ... ಪ... ಪ..."

ನನ್ನ 'ಪ' ಸ್ಪೀಕರುಗಳಲ್ಲಿ ರಸ್ತೆಯ ಕೊನೆಯವರೆಗೂ ಕೇಳಿಸಿತು. ಅಮ್ಮ ತಲೆ ತಗ್ಗಿಸಿದಳು. ಯಾರೂ ನಗಲಿಲ್ಲ. ನನಗೆ ಭಯವಿತ್ತು, ಆದರೂ ಮಹಡಿಯ ಅಭ್ಯಾಸ ನೆನಪಿತ್ತು. ಕಣ್ಣು ಮುಚ್ಚಿ ಉಸಿರು ಬಿಟ್ಟೆ. ತುಟಿ ಸಡಿಲವಾಯಿತು. ಹೆಸರು ಇನ್ನೇನು ಬರುವುದರಲ್ಲಿತ್ತು.

"ಭೇಷ್ ಪುಟ್ಟಿ! ಜೋರಾಗಿ ಚಪ್ಪಾಳೆ ಹೊಡೀರಪ್ಪ!" ನಂಜಪ್ಪ ಮಾಮ ಮೈಕನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಇಡೀ ರಸ್ತೆ ಚಪ್ಪಾಳೆ ತಟ್ಟಿತು. ಯಾರೋ ಕೈಗೆ ಡಬ್ಬಿ ಕೊಟ್ಟರು. ಅಷ್ಟು ದೊಡ್ಡ ಚಪ್ಪಾಳೆ ನನ್ನ ಹಾಡಿಗೂ ಬಿದ್ದಿರಲಿಲ್ಲ.

"ಪಾಪ, ಮಗು ಮರ್ಯಾದೆ ಉಳಿಸಿದ್ರು," ಎಂದು ಅಮ್ಮ ಮನೆಗೆ ಬಂದು ಕಣ್ಣೊರೆಸಿಕೊಂಡಳು.

"ಇನ್ನೊಂದು ಗಳಿಗೆ ಬಿಟ್ಟಿದ್ರೆ ಬಂದ್ಬಿಡ್ತಿತ್ತು," ಅಂದಳು ಅಜ್ಜಿ. ಆ ಸಂಜೆ ಚಪ್ಪಾಳೆ ತಟ್ಟದವಳು ಅವಳೊಬ್ಬಳೇ.

ಸೋತಿದ್ದರೆ ಮರುವರ್ಷ ಮತ್ತೆ ಹತ್ತುತ್ತಿದ್ದೆನೋ ಏನೋ. ಸೋಲುವುದಕ್ಕೂ ಬಿಡಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರೆಲ್ಲ ಒಳ್ಳೆಯವರು. ಆಮೇಲೆ ನಾನು ಮೈಕು ಮುಟ್ಟಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಪೆಂಡಾಲಿನಲ್ಲಿ ಈಗ ಡಿಜೆ. ಆಟೋ, ತರಕಾರಿ, ಆಫೀಸಿನ ಕೆಲಸ ಎಲ್ಲ ಫೋನಿನಲ್ಲಿ ಬೆರಳಾಡಿಸಿದರೆ ಆಗುತ್ತದೆ. ದಿನವೆಲ್ಲ ತುಟಿ ಬಿಚ್ಚಬೇಕಿಲ್ಲ. ಮೊನ್ನೆ ಬಸವನಗುಡಿಯ ಕಾಫಿ ಅಂಗಡಿಯಲ್ಲಿ ಕೌಂಟರಿನ ಹುಡುಗಿ ಕೇಳಿದಳು: "ಹೆಸರು ಹೇಳಿ ಮೇಡಂ."

ನನ್ನ ಹಿಂದೆ ಇಬ್ಬರು ನಿಂತಿದ್ದರು. "ಉಮಾ," ಎಂದೆ, ಒಂದು ಚೂರೂ ತಡವರಿಸದೆ.

ಸ್ವಲ್ಪ ಹೊತ್ತಿಗೆ ಉಮಾ ಎಂದು ಕೂಗಿದರು. ಪಲ್ಲವಿ ಎಂಬ ನಾನು ಎದ್ದು ಹೋಗಿ ಕಾಫಿ ತಂದುಕೊಂಡೆ.