ರಿಸೀವರಿನ ಹೊಟ್ಟೆಯೊಳಗಿನ ಅಕ್ಷತೆ

2003ರ ಜೂನ್, ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ ಕೋಥರೂಡದ ನಮ್ಮ ಫ್ಲ್ಯಾಟಿನ ನಡುಕೋಣೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಹತ್ತು ವರ್ಷ ಹಳೆಯ ರಿಸೀವರ್. ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ ಅದು. ಅದರಲ್ಲಿ ವಾರ್ತೆ ಶುರುವಾದರೆ ನಾನು ದಾಡಿಗೆ ಕೂಡುತ್ತಿದ್ದೆ, ಮುಗಿದರೆ ಚಹಾಕ್ಕೆ. ಈಗ ಮೂರು ವಾರದಿಂದ ಎಡಗಡೆಯ ಸ್ಪೀಕರ್ ಮೌನ. ಬಲಗಡೆಯದು ವಾಲ್ಯೂಮ್ ಗುಂಡಿ ಮುಟ್ಟಿದರೆ ಸಾಕು, ಹಪ್ಪಳ ಮುರಿದಂತೆ ಕರಕರ.

"ನಾಕಕ್ಕ ಗಿರಣಿ ಬರ್ತದ್ರಿ," ಎಂದಳು ಹೆಂಡತಿ. ಮನೆಯಲ್ಲೇ ಜೋಳ ಬೀಸುವ ಕರೆಂಟಿನ ಗಿರಣಿ ತರಲು ಹೇಳಿದ್ದಳು. "ಅಷ್ಟರೊಳಗ ಇದು ಎರಡೂ ಕಡಿಂದ ಮಾತಾಡಬೇಕು. ಇಲ್ಲಾಂದ್ರ ಹಳೀ ಸಾಮಾನು ಕೊಳ್ಳೋ ಭಂಗಾರದಾಂವ ಒಯ್ತಾನ. ಆ ಮೂಲ್ಯಾಗ ಗಿರಣಿ ಕೂಡ್ತದ."

ಎಂಟಕ್ಕೆ ಕೆಲಸ ಆರಂಭಿಸಿದೆ. ಪ್ಲಗ್ ಕಿತ್ತು, ಎಡ-ಬಲ ಸ್ಪೀಕರುಗಳ ತಂತಿ ಅದಲುಬದಲು ಮಾಡಿ, ಮತ್ತೆ ಹಚ್ಚಿದೆ. ಈಗ ಬಲಗಡೆ ಮೌನ. ಅಂದರೆ ಸ್ಪೀಕರುಗಳು ನಿರಪರಾಧಿಗಳು, ದೋಷ ಪೆಟ್ಟಿಗೆಯ ಒಳಗೆ. ಒಳಗೆ ಅಂದಮೇಲೆ ದೋಷ ಹೆಂಡತಿಯದೇ ಎಂದು ತೀರ್ಮಾನಿಸಿದೆ.

"ದಿನಾ ಒದ್ದಿ ಅರಿವಿಲೆ ಒರಸ್ತೀ. ನೀರು ಒಳಗ ಹೋಗ್ಯಾವ."

"ಹೌದ್ರಿ, ಎಲ್ಲಾ ನಂದ ತಪ್ಪು. ಬಿಚ್ಚಿ ನೋಡ್ರಿ, ಅರಿವಿನೂ ಅಲ್ಲೇ ಸಿಗಬಹುದು."

ಬಿಚ್ಚುವ ಧೈರ್ಯ ನನಗಿರಲಿಲ್ಲ. ಹತ್ತಕ್ಕೆ ಕೆಳಗಿನ ಮನೆಯ ಮರಾಠಿ ಗೃಹಸ್ಥರನ್ನು ಕರೆದೆ. ಮೊದಲು ಅವರದು ರೇಡಿಯೊ ರಿಪೇರಿಯ ಅಂಗಡಿ ಇತ್ತು. ಏಳು ಸ್ಕ್ರೂ ತೆಗೆದು ಮುಚ್ಚಳ ಎತ್ತಿದರು, ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಅಹೋ, ಆತ್ ಲಗ್ನ ಲಾಗಲಂ ಕಾಯ್?"

ಒಳಗೆ ಮದುವೆ ನಡೆದಿತ್ತೇ ಎಂದು ಕೇಳಿದ್ದು ತಪ್ಪಲ್ಲ. ಅರಿಶಿನ ಹಚ್ಚಿದ ಅಕ್ಕಿಕಾಳು ಒಂದು ಹಿಡಿ, ಒಣಗಿದ ಚೆಂಡುಹೂವಿನ ಎಸಳು, ಎಲ್ಲದರ ಮೇಲೆ ಕುಂಕುಮದ ತೆಳು ಹಾಸು. ಪ್ರತಿ ವರ್ಷ ದಸರೆಯ ಖಂಡೇನವಮಿಗೆ ಸ್ಕೂಟರು, ಹೊಲಿಗೆ ಯಂತ್ರ, ರಿಸೀವರ್ ಈ ಕ್ರಮದಲ್ಲಿ ನಾನೇ ಪೂಜೆ ಮಾಡುತ್ತಿದ್ದೆ. ರಿಸೀವರಿಗೆ ಪ್ರೀತಿಯಿಂದ ಎರಡು ಪಾಲು ಅಕ್ಷತೆ ಹಾಕುತ್ತಿದ್ದೆ. ಬಿಸಿಗಾಳಿ ಹೊರಗೆ ಬರಲೆಂದು ಬಿಟ್ಟ ಸೀಳುಗಳಿಂದ ಹತ್ತು ದಸರೆಗಳು ಒಳಗೆ ಇಳಿದಿದ್ದವು.

ಹೆಂಡತಿ ಅಡಿಗೆಮನೆಯಿಂದ ಬಂದು ಇಣುಕಿದಳು. "ನಾ ಒರಸಿದ ನೀರು ಎಲ್ಲಿ ಅದಾವ್ರಿ? ಬರೇ ನಿಮ್ಮ ಭಕ್ತಿನ ಕಾಣಸ್ತದ."

ನಾನು ಬಣ್ಣ ಹಚ್ಚುವ ಸಣ್ಣ ಬ್ರಶ್ ತಂದು ಗುಡಿಸಿದೆ. ಕುಂಕುಮದ ಪುಡಿ ವಾಲ್ಯೂಮ್ ಗುಂಡಿಯ ಬುಡದೊಳಗೂ ಸೇರಿತ್ತು. ಗೃಹಸ್ಥರು ತಮ್ಮ ಕೊಳೆ ಬಿಡಿಸುವ ಹಳೆಯ ಸ್ಪ್ರೇ ಡಬ್ಬಿ ತಂದು ಅಲ್ಲಿಗೆ ಎರಡು ಸಲ ಹೊಡೆದರು. ಗುಂಡಿಯನ್ನು ಆ ಕೊನೆಯಿಂದ ಈ ಕೊನೆಗೆ ಮೂವತ್ತು ಸಲ ತಿರುಗಿಸಿ ಎಂದರು. ನಾನು ಎಣಿಸಿ ತಿರುಗಿಸಿದೆ. ಇಪ್ಪತ್ತೆರಡಕ್ಕೆ ಬಂದಾಗ ಕೆಳಗೆ ಭಂಗಾರದವನ ಕೂಗು ಕೇಳಿಸಿತು. ಹೆಂಡತಿ ಬಾಲ್ಕನಿಗೆ ಓಡಿ, "ಥಾಂಬಾ!" ಎಂದು ಅವನನ್ನು ನಿಲ್ಲಿಸಿದಳು.

ಉಳಿದ ಎಂಟನ್ನು ಎಷ್ಟು ಬೇಗ ತಿರುಗಿಸಿದೆನೋ! ಸ್ಪ್ರೇ ಆರಲು ಹತ್ತು ನಿಮಿಷ ಬಿಡಲೇಬೇಕೆಂದು ಗೃಹಸ್ಥರು ಹಟ ಹಿಡಿದರು. ಕೆಳಗಿನವನು ಎರಡು ಸಲ ಕೂಗಿದ. ಕೊನೆಗೆ ಮುಚ್ಚಳ ಹಾಕಿ, ತಂತಿಗಳನ್ನು ಮೊದಲಿನಂತೆ ಕೂಡಿಸಿ, ಸ್ವಿಚ್ ಒತ್ತಿದೆ.

ಯಾರೋ ಹೆಣ್ಣುಮಗಳು ಬದನೆಕಾಯಿ ಬೆಳೆಯುವ ಬಗ್ಗೆ ಮಾತಾಡುತ್ತಿದ್ದಳು. ಹೆಂಡತಿ ಎಡಗಡೆಗೆ ಕಿವಿ ಇಟ್ಟಳು, ಬಲಗಡೆಗೆ ಇಟ್ಟಳು, ಗುಂಡಿಯನ್ನೂ ತಿರುಗಿಸಿ ನೋಡಿದಳು. ಕರಕರ ಇಲ್ಲ. ಬಾಲ್ಕನಿಗೆ ಹೋಗಿ ಭಂಗಾರದವನನ್ನು ಕಳಿಸಿಬಿಟ್ಟಳು.

"ಮಾತು ಅಂದ್ರ ಮಾತು. ಇದು ಇಲ್ಲೇ ಇರಲಿ," ಎಂದಳು. "ಗಿರಣಿಗೆ ಬಾಲ್ಕನ್ಯಾಗೂ ಒಂದು ದೊಡ್ಡ ಪ್ಲಗ್ ಅದ ರೀ."

ಆ ಪ್ಲಗ್ಗಿನ ಕೆಳಗೆ ನನ್ನ ಆರಾಮ ಕುರ್ಚಿ ಇತ್ತು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅದನ್ನು ಮಡಚಿ, ಒರೆಸಿ, ಮಂಚದ ಹಿಂದೆ ನಿಲ್ಲಿಸಿದೆ.