ಅಜ್ಜಿಯ ದೂತನಿಗೊಂದು ಸೀಟು

ನನ್ನ ಹೆಂಡತಿ ತೀರಿಕೊಂಡು ತಿಂಗಳಾದಾಗ ಅವಳ ತವರೂರು ಹೊಳೆನರಸೀಪುರದ ಚರ್ಚಿನಲ್ಲಿ ಅವಳ ಆತ್ಮಶಾಂತಿಗೆಂದು ಬಲಿಪೂಜೆ ಇಡಿಸಿದ್ದೆವು. ಅವಳನ್ನು ಮಣ್ಣು ಮಾಡಿದ್ದೂ ಅಲ್ಲೇ. ಪೂಜೆ ಮುಗಿದ ಮೇಲೆ ಬಂದವರೆಲ್ಲ ಪಲಾವು ತಿಂದು, ನನ್ನ ಕೈ ಹಿಡಿದು, ಮುಖವನ್ನು ಪರೀಕ್ಷಿಸಿ ಹೋದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗಿದ್ದೆ. ಮುಟ್ಟಿದರೆ ಕೈಗೆ ಗೊತ್ತಾಗುತ್ತದೆ, ದವಡೆಗೆ ಗೊತ್ತಾಗುವುದಿಲ್ಲ.

ಮಗ ಸೊಸೆ ಬಾಡಿಗೆ ಪಾತ್ರೆಗಳನ್ನು ಹಿಂದಿರುಗಿಸಲು ಉಳಿದರು. ನಾನೂ ಐದು ವರ್ಷದ ಮೊಮ್ಮಗಳೂ ಹಾಸನದ ಬಸ್ಸು ಹತ್ತಿದೆವು. ಮೂವರ ಸೀಟು. ಅವಳು ಕಿಟಕಿಗೆ, ನಾನು ಅಂಚಿಗೆ. ನಡುವೆ ಹಟ ಮಾಡಿ ಜಾಗ ಬಿಡಿಸಿದಳು. ಅಲ್ಲಿ ಕೂತವನು ಅವಳ ಅಜ್ಜಿಯ ಕಾವಲು ದೂತ.

ಹುಟ್ಟಿದ ಪ್ರತಿಯೊಬ್ಬರಿಗೂ ದೇವರು ಒಬ್ಬೊಬ್ಬ ದೂತನನ್ನು ಕಾವಲಿಗೆ ನೇಮಿಸುತ್ತಾನೆಂದು ಚರ್ಚಿನ ಭಾನುವಾರದ ಪಾಠದಲ್ಲಿ ಅವಳಿಗೆ ಹೇಳಿಕೊಟ್ಟಿದ್ದರು. ಹಾಗಾದರೆ ಅಜ್ಜಿ ಸತ್ತ ಮೇಲೆ ಅವಳ ದೂತನ ಗತಿಯೇನು? ವರ್ಗಾವಣೆಯೋ, ನಿವೃತ್ತಿಯೋ? ಸರ್ಕಾರಿ ನೌಕರಿಯಲ್ಲಿ ಸವೆದ ನನಗೂ ತಿಳಿಯಲಿಲ್ಲ. ಪೂಜೆಗೆ ಬಂದಿದ್ದ ಫಾದರ್ ಅವರನ್ನೇ ಕೇಳು ಎಂದು ಅವಳನ್ನು ಕಳಿಸಿದೆ. ಅವರು "ಒಳ್ಳೇ ಪ್ರಶ್ನೆ ಕಂದಾ" ಎಂದು ಇನ್ನೊಂದು ಲೋಟ ಕಾಫಿ ತರಿಸಿಕೊಂಡರು. ದೇವಶಾಸ್ತ್ರ ಅಲ್ಲಿಗೆ ನಿಂತಿತು. ಕಡೆಗೆ ಮೊಮ್ಮಗಳೇ ಆಜ್ಞೆ ಹೊರಡಿಸಿದಳು: ಸಮಾಧಿ ಹತ್ತಿರ ಬಿಟ್ಟರೆ ಪಾಪ ಬಿಸಿಲಲ್ಲಿ ಒಬ್ಬನೇ ನಿಂತಿರುತ್ತಾನೆ, ಮನೆಗೆ ಕರೆದೊಯ್ಯತಕ್ಕದ್ದು.

ಕಂಡಕ್ಟರ್ ಬಂದ. "ಸಾ, ವಸಿ ಒಳೀಕ್ ಜರುಗಿ. ಸೀಟ್ ಖಾಲಿ ಐತೆ."

"ಖಾಲಿ ಇಲ್ಲ ಅಂಕಲ್. ಅಜ್ಜಿ ಕಾವಲು ದೂತ ಕೂತಿದಾನೆ."

ಆತ ಸೀಟನ್ನೂ ನೋಡಿದ, ನನ್ನನ್ನೂ ನೋಡಿದ. "ಗಂಡ್ಸಾ, ಹೆಂಗ್ಸಾ? ಹೆಂಗ್ಸಾದ್ರೆ ಫ್ರೀ ಕಣವ್ವ. ಗಂಡ್ಸಾದ್ರೆ ನಿಮ್ ತಾತ ಟಿಕೆಟ್ ತಗೀಬೇಕು."

ದೂತರು ಗಂಡೋ ಹೆಣ್ಣೋ ಎಂದು ಪಂಡಿತರು ಶತಮಾನಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಬಸ್ಸಿಗೆ ಮುಂದಿನ ಸ್ಟಾಪಿನೊಳಗೆ ಉತ್ತರ ಬೇಕಿತ್ತು.

"ಅವನಿಗೆ ರೆಕ್ಕೆ ಇದೆ. ಟಿಕೆಟ್ ಬೇಡ."

"ರೆಕ್ಕೆ ಇದ್ಮೇಲೆ ಆರ್ಕಂಡ್ ಓಗಾದಲ್ವಾ?"

"ದಾರಿ ಗೊತ್ತಿಲ್ಲ. ಅಜ್ಜಿ ಜೊತೆ ಬಸ್ಸಲ್ಲೇ ಓಡಾಡ್ತಿದ್ದ."

ಕಂಡಕ್ಟರ್ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಮುಂದೆ ಹೋದ.

ಮುಂದಿನ ಸ್ಟಾಪಿನಲ್ಲಿ ಸೊಪ್ಪಿನ ಚೀಲ ಹಿಡಿದ ಮುದುಕಿಯೊಬ್ಬಳು ಹತ್ತಿದಳು. "ಯಜಮಾನ್ರೇ, ಜರುಗಿ ವಸಿ. ಮಂಡಿ ಸತ್ತೋಗೈತೆ."

ಮೊಮ್ಮಗಳು ಸೀಟಿನ ಮೇಲೆ ಎರಡೂ ಅಂಗೈ ಹರಡಿದಳು. "ಜಾಗ ಇಲ್ಲ."

"ಇಷ್ಟಗಲ ಐತಲ್ಲವ್ವ! ಯಾರವ್ರೆ ಅಲ್ಲಿ?"

ಅಕ್ಕಪಕ್ಕದವರೆಲ್ಲ ನನ್ನತ್ತ ತಿರುಗಿದರು. ಯಾರೂ ಇಲ್ಲ ಅಂದರೆ ಮುಗಿಯಿತು. ತಿಂಗಳಿಂದ ಮರಣಪತ್ರ ಹಿಡಿದು ಕಚೇರಿ ಕಚೇರಿಗಳಲ್ಲಿ ಹೆಂಡತಿ ಇಲ್ಲ, ಇಲ್ಲ ಎಂದೇ ಹೇಳಿ ಬಂದಿದ್ದೆ, ನಾಲಗೆ ಎಲ್ಲೂ ತೊದಲಿರಲಿಲ್ಲ. ಈಗ ಪಕ್ಕಕ್ಕೆ ನೋಡಿದೆ. ಮಗುವಿನ ಕೈಗಳು ಸೀಟಿನ ಮೇಲೇ ಇದ್ದವು.

ನಾನು ಎದ್ದೆ. "ಇಲ್ಲಿ ಕೂತ್ಕೊಳ್ಳಮ್ಮ."

"ಇದ್ಯಾವ ಸೀಮೆ ಮಡಿನಪ್ಪ," ಎಂದು ಗೊಣಗುತ್ತ ಅವಳು ನನ್ನ ಜಾಗದಲ್ಲಿ ಕೂತಳು. ಆದರೂ ಚೀಲವನ್ನು ನಡುವೆ ಇಡದೆ ತೊಡೆಯ ಮೇಲೇ ಇಟ್ಟುಕೊಂಡಳು.

ಕಂಬಿ ಹಿಡಿದು ಜೋಲಿ ಹೊಡೆಯುತ್ತ ನಿಂತೆ. ಕಾಲು ನೋಯತೊಡಗಿತು. ಅದೊಂದಾದರೂ ತಿಳಿಯಿತಲ್ಲ ಅಂದುಕೊಂಡೆ. ಮೊಮ್ಮಗಳು ನಡುವಿನ ಸೀಟನ್ನು ನೋಡಿದಳು, ಆಮೇಲೆ ನನ್ನ ಬೆನ್ನ ಹಿಂದೆ ನೋಡಿದಳು. ಕೈ ತೆಗೆದಳು.

"ತಾತ, ಬಾ ಕೂತ್ಕೋ. ಅವನು ಎದ್ದ."

"ಎಲ್ಲಿಗೆ ಹೋದ?"

"ನಿನ್ನ ಹಿಂದೆ ನಿಂತಿದಾನೆ. ನೀನು ನಿಂತಿದ್ರೆ ಅವನು ಹೇಗೆ ಕೂತ್ಕೊಳ್ತಾನೆ?"

ಮುದುಕಿ ಒಳಕ್ಕೆ ಸರಿದು, "ಬನ್ನಿ ಯಜಮಾನ್ರೇ, ಖಾಲಿಯಾಯ್ತಂತೆ," ಎಂದಳು.

ಅವನೊಬ್ಬನನ್ನೇ ನಿಲ್ಲಿಸಿ ನಾನು ಕೂರಲಿಲ್ಲ. ಹಿಂದೆ ನಿಂತವನಿಗೂ ಹಿಡಿಯಲು ಸಿಗಲೆಂದು ಕಂಬಿಯ ಮೇಲಿದ್ದ ಕೈಯನ್ನು ತುಸು ಪಕ್ಕಕ್ಕೆ ಸರಿಸಿಕೊಂಡೆ. ಹಾಸನ ಬರುವವರೆಗೂ ಹಾಗೇ ನಿಂತಿದ್ದೆ.