ಕಾಕಾನ ಗಾಡಿಯ ಮೇಲಿನ ಖೋಲಿ

ಆಗೆಲ್ಲ ಬೇಸಿಗೆ ಸೂಟಿ ಎಂದರೆ ಬೆಳಿಗ್ಗೆ ಗಜಗದ ಆಟ, ಮಧ್ಯಾಹ್ನ ಹುಣಸೆ ಚಿಗಳಿ, ಸಂಜೆ ಅವ್ವನ ಬೈಗಳು. ನೀವೂ ಇಂಥ ಸೂಟಿ ಕಂಡವರೇ ಇದ್ದೀರಿ. ಆದರೆ ನನಗೆ ಹನ್ನೊಂದು ತುಂಬಿದ ವರ್ಷ ನಾನು ಗಜಗ ಮುಟ್ಟಲಿಲ್ಲ. ಗೆಳತಿಯರು ಬಾಗಿಲಿಗೆ ಬಂದು ಕರೆದು ಕರೆದು ಸಾಕಾಗಿ ಹೋದರು. ನಮ್ಮ ಕಾಕಾ ತನ್ನ ಪಿಕಪ್ ಗಾಡಿಯ ಮೇಲೆ ಮನೆ ಕೂರಿಸುತ್ತಿದ್ದ, ನನಗೆ ಪುರುಸೊತ್ತೆಲ್ಲಿ?

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಕಾಕಾ ವರ್ಷವಿಡೀ ಆ ಗಾಡಿಯಲ್ಲಿ ಹತ್ತಿ, ಉಳ್ಳಾಗಡ್ಡಿ ಹೇರುತ್ತಿದ್ದ. ಮೊಬೈಲಿನಲ್ಲಿ ಏನೋ ವಿಡಿಯೋ ನೋಡಿದವನೇ, ಗಾಡಿಯ ಮೇಲೆ ಮಲಗುವ, ಅಡುಗೆ ಮಾಡುವ ಖೋಲಿ ಮಾಡಿಸಿ ಕಾರವಾರದ ಸಮುದ್ರಕ್ಕೆ ಹೋಗುವುದೆಂದು ತಲೆಗೆ ಹಚ್ಚಿಕೊಂಡ. ಕಿತ್ತೂರಿನ ಫಿಟ್ಟರನೊಬ್ಬ ತಗಡು, ಪ್ಲೈವುಡ್ ಕೂಡಿಸಿ ಖೋಲಿ ಮಾಡಿಕೊಟ್ಟ. ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ, ಮೊರದಗಲ ಕಿಟಕಿ. ಬೇಕಾದಾಗ ಗಾಡಿಯ ಮೇಲೆ ಕೂರಿಸಬಹುದು, ಬೇಡವಾದಾಗ ಇಳಿಸಿಡಬಹುದು. ಒಳಗೆ ಹೊಸ ಬಣ್ಣದ ವಾಸನೆ ಗಮ್ಮೆನ್ನುತ್ತಿತ್ತು. ಅದನ್ನು ಮೂಸಿ ಮೂಸಿ ನನಗೆ ತಲೆನೋವು ಬಂದರೂ ನಾನು ಹೊರಗೆ ಬರುತ್ತಿರಲಿಲ್ಲ.

ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಸವದತ್ತಿ ಕಡೆಯ ಹಿನ್ನೀರು ಒಂದೇ.

“ನಾನೂ ಬರತೇನಿ ಕಾಕಾ” ಎಂದೆ.

“ನಿನ್ನ ಬಿಟ್ಟ ಹ್ಯಾಂಗ ಹೋಗಲಿ ಗಂಗವ್ವಾ? ಮೊದಲ ಆ ಪಾನಾ ಕೊಡು” ಎಂದ ಕಾಕಾ, ಗಾಡಿಯ ಕೆಳಗಿನಿಂದಲೇ ಕೈ ಚಾಚಿ.

ಆಮೇಲೆ ನಟ್ಟು ಬಿಗಿಯುವ ಪಾನಾ ಕೊಡುವ ಕೆಲಸ ನನ್ನದೇ ಆಯಿತು. ಕಾಕಾನ ಮಗ ಮಲ್ಲು ನನ್ನ ವಾರಗೆಯವನು, ಕೈಗೆ ಗ್ರೀಸ್ ಹತ್ತೀತೆಂದು ಆ ಕಡೆ ಸುಳಿಯುತ್ತಿರಲಿಲ್ಲ.

ಮೊದಲ ಸಲ ಖೋಲಿ ಕೂರಿಸಿದಾಗ ನಗೆಪಾಟಲಾಯಿತು. ನಮ್ಮ ಕಡೆ ಚಕ್ಕಡಿಗೆ ಜೋಳದ ದಂಟಿನ ಕಣಿಕೆ ಹೇರಿದರೆ ಹಗ್ಗ ಹಾಕಿ, ಮೇಲೆ ಹತ್ತಿ ತುಳಿದು, ಮತ್ತೆ ಎಳೆದು ಬಿಗಿಯುತ್ತಾರೆ. ಕಾಕಾ ಖೋಲಿಯನ್ನೂ ಹಾಗೆಯೇ ಬಿಗಿದ. ಮೇಲೆ ಹತ್ತಿ ತುಳಿದ ಕೂಡ. ಕಣಿಕೆ ತುಳಿದರೆ ಕುಗ್ಗಿ ಹಗ್ಗವನ್ನು ಕಚ್ಚಿಕೊಳ್ಳುತ್ತದೆ, ತಗಡು ಕುಗ್ಗೀತೇ? ಹಳ್ಳದ ತಿರುವಿಗೆ ಹೋಗುವಷ್ಟರಲ್ಲಿ ಹಗ್ಗ ಸಡಿಲಾಗಿ ಖೋಲಿ ಗೇಣುದ್ದ ಜರುಗಿ ಕುಡಿದವನ ಹಾಗೆ ವಾಲಿತು. “ಕಣಿಕಿ ಮಾರಾಕ ಹೊಂಟೀರೇನ್ರಿ?” ಎಂದು ಊರವರು ವಾರಗಟ್ಟಲೆ ಕಾಡಿದರು.

ಕಾಕಾ ಮರುದಿನವೇ ಕಿತ್ತೂರಿಗೆ ಹೋಗಿ ಫಿಟ್ಟರನನ್ನು ಕೇಳಿಕೊಂಡು ಬಂದ. ಆಮೇಲೆ ಕೆಲಸ ಸರಿಯಾಗಿ ನಡೆಯಿತು. ಖೋಲಿ ಜಾರದಂತೆ ಅಡಿಗೆ ದಪ್ಪ ರಬ್ಬರ್ ಹಾಸಿದೆವು. ಪಕ್ಕಕ್ಕೆ ಸರಿಯದಂತೆ ಎರಡೂ ಬದಿಗೆ ಮರದ ತುಂಡು ಜಡಿದೆವು. ನಾಲ್ಕು ಮೂಲೆಗಳನ್ನು ಗಾಡಿಯ ಚೌಕಟ್ಟಿಗೆ ಸರಪಳಿಯಿಂದ ಬಿಗಿದೆವು. ಭಾರ ತಾಳಲೆಂದು ಹಿಂದಿನ ಗಾಲಿಗಳಿಗೆ ಇನ್ನೊಂದು ಪಾಟಾ ಸ್ಪ್ರಿಂಗ್ ಬಂತು. ಇನ್ನು ಭಾರದ ಲೆಕ್ಕ. ಭಾರ ಹಿಂದಿನ ಗಾಲಿಗಿಂತ ತುಸು ಮುಂದೆ ಬೀಳಬೇಕು, ಇಲ್ಲದಿದ್ದರೆ ಗಾಡಿಯ ಮೂತಿ ಎದ್ದು ಸ್ಟಿಯರಿಂಗ್ ಕೈಗೆ ನಿಲ್ಲುವುದಿಲ್ಲ. ಸಾಮಾನಿನ ಬದಲು ಜೋಳದ ಚೀಲ ಇಟ್ಟು ನೋಡಿದೆವು. ಖೋಲಿಯ ಮುಂಭಾಗದಲ್ಲಿ ಇನ್ನೂ ಸ್ವಲ್ಪ ಭಾರ ಬೇಕಾಯಿತು.

“ಗಂಗಾ, ನೀ ಇಲ್ಲಿ ಕುಂದರು” ಎಂದ ಕಾಕಾ. ಕೆಳಗಿಳಿದು, ಒಂದು ಕಣ್ಣು ಮುಚ್ಚಿ ಗಾಡಿಯನ್ನು ನೋಡಿದ. “ಹಾಂ, ಈಗ ಹದಕ್ಕ ಬಂತು. ಇದು ನಿಂದ ಜಾಗಾ ನೋಡ.”

ನಾನು ನಂಬಿದೆ. ನಾನಿಲ್ಲದೆ ಗಾಡಿ ನೆಟ್ಟಗೆ ಹೋಗುವುದೇ ಇಲ್ಲವೆಂದು ನಂಬಿದೆ. ಊಟಕ್ಕೆ ಒಂದು ರೊಟ್ಟಿ ಹೆಚ್ಚೇ ತಿನ್ನತೊಡಗಿದೆ.

ಹೊರಡುವ ದಿನ ಅವ್ವ ಬೆಳಿಗ್ಗೆಯೇ ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು. ನಾನು ತಲೆ ಬಾಚಿಸಿಕೊಂಡು, ಬಟ್ಟೆಯ ಚೀಲವನ್ನು ಖೋಲಿಯಲ್ಲಿ ನನ್ನ ಜಾಗದಲ್ಲಿಟ್ಟು ಬಂದೆ. ಅಷ್ಟರಲ್ಲಿ ಅವ್ವ ಕರೆದಳು.

“ಗಂಗಾ, ನೀಲವ್ವ ಆಯಿ ಮನಿಗೆ ಹೋಗಿ ಹೆಪ್ಪ ಇಸ್ಕೊಂಡ ಬಾ. ಬರುವಾಗ ಓಡಬ್ಯಾಡ, ಚೆಲ್ಲತೈತಿ.”

ನೀಲವ್ವ ಆಯಿಯ ಮನೆ ಊರಿನ ಆ ತುದಿಗೆ. ಹೋಗುವಾಗ ಓಡಿದೆ. ಬರುವಾಗ ಅವ್ವ ಹೇಳಿದಂತೆ ಬಟ್ಟಲನ್ನೇ ನೋಡುತ್ತ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದೆ. ಒಂದು ಹನಿ ಚೆಲ್ಲಲಿಲ್ಲ.

ಅಂಗಳ ಖಾಲಿಯಿತ್ತು. ನನ್ನ ಬಟ್ಟೆಯ ಚೀಲ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

“ಗಾಡಿ ಎಲ್ಲೈತಿ?”

“ಹೋತು.”

“ಮತ್ತ ನನ್ನ ಜಾಗಾ?”

“ಗಾಡಿ ಹೊಂಟಾಗ ಖೋಲ್ಯಾಗ ಯಾರೂ ಕುಂದರಬಾರದಂತ. ಫಿಟ್ಟರ್ ಮೊದಲ ದಿನಾನ ಹೇಳ್ಯಾನ. ಮುಂದ ಮೂರ ಮಂದಿಗಷ್ಟ ಜಾಗಾ. ಕಾಕಾ, ಕಾಕು, ಮಲ್ಲು.”

“ನಿನಗ ಗೊತ್ತಿತ್ತೇನ?”

ಅವ್ವ ರೊಟ್ಟಿ ಹೊರಳಿಸಿದಳು. ನನಗೆ ಅಷ್ಟು ಸಾಕಾಯಿತು.

ನಾನು ಅವಳ ಎದುರು ಅಳಲಿಲ್ಲ. ಹಿತ್ತಲಿನ ಕುಳ್ಳಿನ ಬಣವೆಯ ಹಿಂದೆ ಕುಳಿತು, ಹೊಟ್ಟೆ ನೋಯುವವರೆಗೆ ಅತ್ತೆ. ಕಾಕಾನ ಮೇಲೆ ಸಿಟ್ಟು ಬಂತು, ನಿಜ. ಮೊದಲ ದಿನವೇ ಗೊತ್ತಿದ್ದೂ ಅವನು ಪಾನಾ ಕೊಡುವ ಕೈಗಾಗಿ, ತೂಕಕ್ಕಾಗಿ ನನ್ನನ್ನು ಇಟ್ಟುಕೊಂಡಿದ್ದ. ಆದರೆ ಚೀಲ ಇಳಿಸಿ ಗೂಟಕ್ಕೆ ಹಾಕಿದವಳು ಅವ್ವ. ನಡಿಗೆ ನಿಧಾನವಾಗಲೆಂದು ನನ್ನ ಕೈಗೆ ಬಟ್ಟಲು ಕೊಟ್ಟವಳು ಅವ್ವ.

ಕಾಕಾ ಸಮುದ್ರದ ಕಪ್ಪೆಚಿಪ್ಪು ತಂದುಕೊಟ್ಟ. ನಾನು ಮುಟ್ಟಲಿಲ್ಲ. ಸೂಟಿ ಮುಗಿಯುವುದರೊಳಗೆ ಅವನೊಂದಿಗೆ ಮತ್ತೆ ಮಾತಾಡಿದೆ, ಕಾಕಾನ ಮೇಲೆ ಬಹಳ ದಿನ ಸಿಟ್ಟು ಹಿಡಿಯುವುದು ಯಾರಿಂದಲೂ ಆಗದ ಕೆಲಸ. ಮುಂದೆ ಸಮುದ್ರವನ್ನೂ ನೋಡಿದೆ, ಚೆನ್ನಾಗಿತ್ತು.

ಈಗ ಅವ್ವ ನನ್ನ ಹತ್ತಿರವೇ ಇದ್ದಾಳೆ. ಈಚೆಗೆ ಒಮ್ಮೆ ಆ ದಿನದ ಮಾತು ತೆಗೆದೆ.

“ನೀ ಅಳತಿದ್ದಿ. ನನಗ ನೋಡಾಕ ಆಗತಿರಲಿಲ್ಲ” ಎಂದಳು.

ಅವಳ ಪಾಲಿಗೆ ಅದು ಮಮತೆ. ಗಾಡಿಯ ಹಿಂದೆ ಓಡಿ, ಬಿದ್ದು, ಅವಳ ಮಡಿಲಿಗೇ ಬಂದು ಅಳಬಹುದಿತ್ತು ನಾನು. ಅಷ್ಟೂ ಸಿಗಲಿಲ್ಲ. ಆ ದಿನದವರೆಗೆ ಅವ್ವ ಹೇಳಿದ ಕೆಲಸಕ್ಕೆ ಏಕೆ ಎಂದು ಕೇಳದೆ ಓಡುತ್ತಿದ್ದೆ. ಈಗಲೂ ಅವಳು ಏನಾದರೂ ತಾ ಎಂದರೆ ತರುತ್ತೇನೆ. ಆದರೆ ಮೊದಲು ಯಾಕೆಂದು ಕೇಳುತ್ತೇನೆ. ಅವಳು ಹೇಳುತ್ತಾಳೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.